ಸೊಳ್ಳೆ ಔಷಧವೂ ಮನೆಯ ನಾಯಿಯೂ



ಮುಂಗಾರು ಹಿಡಿದು ಸೊಳ್ಳೆ ಹೆಚ್ಚಾಗುವ ದಿನಗಳಲ್ಲಿ ಪಶುವೈದ್ಯರ ಬಳಿಗೆ ಒಂದೇ ಬಗೆಯ ಮಾತು ಮತ್ತೆ ಮತ್ತೆ ಬರುತ್ತದೆ. ‘ಡಾಕ್ಟ್ರೇ, ನಿನ್ನೆ ರಾತ್ರಿ ಊಟ ಮಾಡಿ ಮಲಗೋವರೆಗೂ ಚೆನ್ನಾಗಿತ್ತು. ಬೆಳಿಗ್ಗೆ ನೋಡಿದರೆ ಜೊಲ್ಲು ಸುರೀತಿದೆ, ಕಿವಿ ಪಟಪಟ ಅಂತಿದೆ, ಮೈಯೆಲ್ಲ ನಡುಗ್ತಿದೆ. ಹೊರಗೆ ಹೋಗಿಲ್ಲ, ಏನೂ ತಿಂದಿಲ್ಲ.’ ಆಗ ನಾವು ಕೇಳುವುದು ಇಷ್ಟೇ: ‘ಮನೆಯಲ್ಲಿ ಸೊಳ್ಳೆಗೆ, ಜಿರಳೆಗೆ, ಇರುವೆಗೆ ಏನಾದರೂ ಹಾಕಿದ್ದೀರಾ?’ ಬರುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: ‘ಹಾಕಿದ್ವಿ. ಆದರೆ ನಾಯಿಗೇನೂ ಹಾಕಿಲ್ಲವಲ್ಲ!’

ನಾಯಿಗೆ ಹಾಕದಿದ್ದರೂ ಅದು ನಾಯಿಯನ್ನು ತಲುಪುತ್ತದೆ. ಈ ಒಂದು ಸಂಗತಿಯನ್ನು ನಿಮ್ಮ ಮನಸ್ಸಿಗೆ ಮುಟ್ಟಿಸುವುದಕ್ಕಾಗಿಯೇ ಇಂದು ಮಾತನಾಡುತ್ತಿದ್ದೇನೆ.

ಜಿರಳೆ ಸ್ಪ್ರೇ ಹೊಡೆದಾಗ ನಮಗೆ ಕಾಣುವುದು ಗಾಳಿಯಲ್ಲಿ ಹಾರುವ ಮಂಜು. ಸ್ವಲ್ಪ ಹೊತ್ತಿಗೆ ವಾಸನೆ ಕಡಿಮೆಯಾದರೆ ಔಷಧ ಹೋಯಿತು ಎಂದುಕೊಳ್ಳುತ್ತೇವೆ. ಅದು ಹೋಗಿರುವುದಿಲ್ಲ, ಕೆಳಗೆ ಇಳಿದಿರುತ್ತದೆ. ಸಣ್ಣ ಹನಿಗಳು ನೆಲದ ಮೇಲೆ, ಕಾಲೊರಸಿನ ಮೇಲೆ, ಚಾಪೆಯ ಮೇಲೆ, ನೀರಿನ ಬಟ್ಟಲಿನೊಳಗೆ ಕೂರುತ್ತವೆ. ನಾವು ಚಪ್ಪಲಿ ಹಾಕಿಕೊಂಡು, ಕುರ್ಚಿ ಮಂಚಗಳ ಮೇಲೆ ಬದುಕುತ್ತೇವೆ. ನಾಯಿ ಬದುಕುವುದೇ ನೆಲದ ಮೇಲೆ. ಸೆಖೆಯಾದರೆ ತಂಪು ನೆಲವನ್ನು ಹುಡುಕಿಕೊಂಡು ಹೋಗಿ ಹೊಟ್ಟೆ ಊರಿ ಮಲಗುತ್ತದೆ. ಅದರ ಹೊಟ್ಟೆಯಡಿ, ತೊಡೆಸಂದಿಯಲ್ಲಿ ಕೂದಲು ಕಡಿಮೆ, ಚರ್ಮ ತೆಳು. ಎದ್ದ ಮೇಲೆ ತನ್ನ ಪಾದಗಳನ್ನು, ಹೊಟ್ಟೆಯನ್ನು ನೆಕ್ಕಿಕೊಳ್ಳುತ್ತದೆ. ನಾವು ಗೋಡೆಯ ಮೂಲೆಗೆ ಹೊಡೆದದ್ದು ಹೀಗೆ ಅದರ ನಾಲಿಗೆಗೆ ಬರುತ್ತದೆ. ‘ಏನೂ ತಿಂದಿಲ್ಲ’ ಎನ್ನುವ ಮನೆಯವರು ಸುಳ್ಳು ಹೇಳುತ್ತಿಲ್ಲ, ಅದು ನೆಕ್ಕಿದ್ದು ಅವರಿಗೆ ಕಂಡಿರುವುದಿಲ್ಲ. ಅಂಬೆಗಾಲಿಡುವ ಕೂಸಿರುವ ಮನೆಗೂ ಈ ಮಾತು ಹಾಗೆಯೇ ಅನ್ವಯಿಸುತ್ತದೆ.

ಈ ಔಷಧಗಳಲ್ಲಿ ಇರುವುದೇನು? ಸೊಳ್ಳೆ ಬತ್ತಿಯ ಪೊಟ್ಟಣವನ್ನೋ ಪ್ಲಗ್ಗಿಗೆ ಹಾಕುವ ಸೊಳ್ಳೆ ಮಷೀನಿನ ರೀಫಿಲ್ ಡಬ್ಬವನ್ನೋ ಸ್ಪ್ರೇ ಡಬ್ಬಿಯನ್ನೋ ತಿರುಗಿಸಿ ಓದಿ. ಅಲ್ಲೆಥ್ರಿನ್, ಟ್ರಾನ್ಸ್‌ಫ್ಲೂಥ್ರಿನ್, ಪ್ರಾಲೆಥ್ರಿನ್, ಸೈಫ್ಲೂಥ್ರಿನ್, ಪರ್ಮೆಥ್ರಿನ್, ಹೀಗೆ ‘ಥ್ರಿನ್’ ಎಂದು ಮುಗಿಯುವ ಹೆಸರೊಂದು ಸಿಗುತ್ತದೆ. ಇವೆಲ್ಲ ಒಂದೇ ಮನೆತನದವು, ಪೈರೆಥ್ರಾಯ್ಡ್‌ಗಳು. ಮೂಲ ಒಂದು ಹೂವು. ಸೇವಂತಿಗೆಯ ಸಂಬಂಧಿಯಾದ ಪೈರೆಥ್ರಮ್ ಗಿಡದ ಹೂವನ್ನು ಒಣಗಿಸಿ ಪುಡಿ ಮಾಡಿ ಕೀಟಗಳಿಗೆ ಬಳಸುವುದು ಹಳೆಯ ರೂಢಿ, ಕೀನ್ಯಾ ದೇಶದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆದರು. ಆ ಹೂವಿನ ಸತ್ವವನ್ನು ಅನುಕರಿಸಿ 1949ರಲ್ಲಿ ಅಲ್ಲೆಥ್ರಿನ್ ತಯಾರಾಯಿತು. ಹೂವಿನ ಸತ್ವ ಬಿಸಿಲಿಗೆ ಬೇಗ ಕೆಡುತ್ತಿತ್ತು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಮೈಕೆಲ್ ಎಲಿಯಟ್ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ಬಿಸಿಲಿಗೂ ಜಗ್ಗದ ಪರ್ಮೆಥ್ರಿನ್, ಡೆಲ್ಟಾಮೆಥ್ರಿನ್‌ಗಳನ್ನು ರೂಪಿಸಿದರು. ಬಾಳಿಕೆ ಬಂದದ್ದು ರೈತನಿಗೆ ಅನುಕೂಲವಾಯಿತು. ಆದರೆ ಬಾಳಿಕೆ ಬರುವ ವಸ್ತು ಮನೆಯ ನೆಲದ ಮೇಲೂ ಬಾಳಿಕೆ ಬರುತ್ತದೆ ಎನ್ನುವುದನ್ನು ನಾವು ಮರೆಯಬಾರದು.

ಇವು ಕೆಲಸ ಮಾಡುವುದು ನರಗಳ ಮೇಲೆ. ನರತಂತುವಿನ ಹೊರಪೊರೆಯಲ್ಲಿ ಸೋಡಿಯಂ ಒಳಹೋಗಲು ಸಣ್ಣ ಬಾಗಿಲುಗಳಿವೆ. ಒಂದು ಸಂದೇಶ ಸಾಗುವಾಗ ಅವು ತೆರೆದು ಕ್ಷಣದಲ್ಲಿ ಮುಚ್ಚಿಕೊಳ್ಳಬೇಕು. ಪೈರೆಥ್ರಾಯ್ಡ್ ಆ ಬಾಗಿಲು ಮುಚ್ಚದಂತೆ ತಡೆಯುತ್ತದೆ. ನರ ಮತ್ತೆ ಮತ್ತೆ ಮಿಡಿಯುತ್ತಲೇ ಇರುತ್ತದೆ. ಸೊಳ್ಳೆ ಬಿದ್ದು ಒದ್ದಾಡುವುದು ಇದರಿಂದ. ನಾಯಿಯ ಕಿವಿ ಅದುರುವುದು, ಕಾಲು ಜಾಡಿಸುವುದು, ಮೈ ನಡುಗುವುದು, ಪ್ರಮಾಣ ಹೆಚ್ಚಾದರೆ ಫಿಟ್ಸ್ ಬರುವುದೂ ಇದರಿಂದಲೇ.

ಇಲ್ಲಿ ನಿಮ್ಮನ್ನು ಸುಮ್ಮನೆ ಹೆದರಿಸಬಾರದು. ನಾಯಿಯ ಯಕೃತ್ತು ಈ ವಸ್ತುವನ್ನು ಸಾಕಷ್ಟು ಬೇಗ ಒಡೆದು ಹೊರಹಾಕುತ್ತದೆ. ಮೈ ಬೆಚ್ಚಗಿರುವುದು, ದೇಹ ದೊಡ್ಡದಿರುವುದು, ಇವೂ ಅದಕ್ಕೆ ರಕ್ಷಣೆ. ಗಾಳಿಯಾಡುವ ಕೋಣೆಯಲ್ಲಿ ಮಷೀನ್ ಹಾಕಿದ ಮಾತ್ರಕ್ಕೆ ಆರೋಗ್ಯವಂತ ನಾಯಿಗೆ ವಿಷವೇರುವುದಿಲ್ಲ. ತೊಂದರೆ ಆಗುವುದು ಪ್ರಮಾಣದಿಂದ, ಮತ್ತು ನಾಯಿಯ ತೂಕದಿಂದ. ಮೂವತ್ತು ಕಿಲೋದ ಲ್ಯಾಬ್ರಡಾರ್ ತಡೆದುಕೊಳ್ಳುವಷ್ಟನ್ನು ಮೂರು ಕಿಲೋದ ಪೊಮೆರೇನಿಯನ್ ತಡೆದುಕೊಳ್ಳಲಾರದು. ಮರಿಗಳು, ಮುದಿ ನಾಯಿಗಳು, ಯಕೃತ್ತಿನ ಕಾಯಿಲೆ ಇರುವವು, ಮೊದಲೇ ಫಿಟ್ಸ್ ಬರುವವು ಹೆಚ್ಚು ನಾಜೂಕು. ಮನೆಯಲ್ಲಿ ಬೆಕ್ಕೂ ಇದ್ದರೆ ಎಚ್ಚರ ಇಮ್ಮಡಿಯಾಗಲಿ. ಬೆಕ್ಕಿನ ಯಕೃತ್ತಿಗೆ ಪರ್ಮೆಥ್ರಿನ್ ಒಡೆಯುವ ಶಕ್ತಿ ತೀರ ಕಡಿಮೆ. ನಾಯಿಯ ಬೆನ್ನಿಗೆ ಬಿಟ್ಟ ಉಣ್ಣಿ ಔಷಧವನ್ನು, ಅದರ ಜೊತೆ ಮಲಗುವ ಬೆಕ್ಕು ನೆಕ್ಕಿ ಸತ್ತ ಪ್ರಸಂಗಗಳು ಪಶುವೈದ್ಯಕೀಯದಲ್ಲಿ ಹೊಸವಲ್ಲ. ಮೀನಿನ ತೊಟ್ಟಿಗಂತೂ ಈ ಔಷಧದ ಹನಿಯೂ ಬೀಳಬಾರದು.

ಮಷೀನಿನ ರೀಫಿಲ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಸಾಮಾನ್ಯವಾಗಿ 45 ಮಿಲಿಲೀಟರಿನ ಪುಟ್ಟ ಬಾಟಲಿ. ಅದರಲ್ಲಿ ಕೀಟನಾಶಕ ಇರುವುದು ಶೇಕಡಾ ಒಂದು, ಎರಡರ ಆಸುಪಾಸಿನಲ್ಲಿ. ಉಳಿದದ್ದು ಬಹುಪಾಲು ಸೀಮೆಎಣ್ಣೆಯ ಜಾತಿಗೆ ಸೇರಿದ ದ್ರಾವಕ. ಹಲ್ಲು ಬರುವ ವಯಸ್ಸಿನ ಮರಿ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ನಮ್ಮ ಮನೆಗಳಲ್ಲಿ ಎಷ್ಟೋ ಪ್ಲಗ್ ಪಾಯಿಂಟುಗಳು ನೆಲದಿಂದ ಒಂದಡಿ ಮೇಲೆ, ಸರಿಯಾಗಿ ಮರಿಯ ಬಾಯಿಯ ಮಟ್ಟದಲ್ಲಿ ಇರುತ್ತವೆ. ಮರಿ ಬಾಟಲಿಯನ್ನು ಕಿತ್ತು ಕಡಿದರೆ ಮನೆಯವರು ಗಾಬರಿಯಿಂದ ಮಾಡುವ ಮೊದಲ ಕೆಲಸ ಬಾಯಿಗೆ ಉಪ್ಪುನೀರು ಹೊಯ್ದು ವಾಂತಿ ಮಾಡಿಸುವುದು. ದಯವಿಟ್ಟು ಇದನ್ನು ಮಾಡಬೇಡಿ. ಸೀಮೆಎಣ್ಣೆಯಂಥ ತೆಳು ದ್ರವ ಹೊಟ್ಟೆಯಲ್ಲಿದ್ದಾಗ ಮಾಡುವ ಹಾನಿಗಿಂತ, ವಾಂತಿಯಾಗುವಾಗ ಶ್ವಾಸನಾಳಕ್ಕೆ ಜಾರಿ ಪುಪ್ಪುಸಕ್ಕೆ ಹೋದರೆ ಮಾಡುವ ಹಾನಿ ಬಹಳ ದೊಡ್ಡದು. ನ್ಯುಮೋನಿಯಾ ಬಂದು ಪ್ರಾಣಕ್ಕೇ ಕುತ್ತಾಗುತ್ತದೆ. ಮೇಲಾಗಿ, ಉಪ್ಪುನೀರು ಹೆಚ್ಚಾದರೆ ಅದೇ ನಾಯಿಗೆ ಇನ್ನೊಂದು ವಿಷ. ಮಷೀನನ್ನು ಎತ್ತರದ ಪ್ಲಗ್ಗಿಗೆ ಹಾಕಿ, ಬೆಳಿಗ್ಗೆ ಬಾಟಲಿ ಸಮೇತ ತೆಗೆದು ಕಪಾಟಿನಲ್ಲಿಡಿ, ಖಾಲಿ ಬಾಟಲಿಯನ್ನು ಮುಚ್ಚಳವಿರುವ ಕಸದ ಬುಟ್ಟಿಗೇ ಹಾಕಿ.

ಇನ್ನು ಸೊಳ್ಳೆ ಬತ್ತಿ. ಅದರಲ್ಲಿ ಕೀಟನಾಶಕದ ಅಂಶ ತೀರ ಕಡಿಮೆ, ನಾಯಿ ಒಂದು ತುಂಡು ತಿಂದರೆ ಬಹುಮಟ್ಟಿಗೆ ವಾಂತಿ, ಭೇದಿಗೆ ಮುಗಿಯುತ್ತದೆ. ದೊಡ್ಡ ತುಂಡು ಕರುಳಿನಲ್ಲಿ ಸಿಕ್ಕಿಕೊಳ್ಳುವ ಭಯ ಬೇರೆ. ಆದರೆ ಬತ್ತಿಯ ಹೊಗೆ ಹಗುರವಾದದ್ದಲ್ಲ. ಚೀನಾ ಮತ್ತು ಮಲೇಷ್ಯಾದ ಬತ್ತಿಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಒಂದು ಬತ್ತಿ ಪೂರ್ತಿ ಉರಿದರೆ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಹೊಗೆಯ ಕಣಗಳಿಗೆ ಸಮ. ಬಾಗಿಲು ಕಿಟಕಿ ಮುಚ್ಚಿ, ಮಂಚದ ಕೆಳಗೆ ಬತ್ತಿ ಹಚ್ಚಿಟ್ಟು ಮಲಗುವ ಅಭ್ಯಾಸ ಎಷ್ಟು ಮನೆಗಳಲ್ಲಿಲ್ಲ! ಆ ಮಂಚದ ಕೆಳಗೇ ನಾಯಿ ಮಲಗುತ್ತದೆ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಉಸಿರಾಟವೇ ಕಷ್ಟದ ಕೆಲಸ. ಅಂಥ ನಾಯಿ ಇರುವ ಮನೆಯಲ್ಲಿ ಬತ್ತಿ ಹಚ್ಚುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ನೋಂದಣಿ ಸಂಖ್ಯೆಯೇ ಇಲ್ಲದೆ ಅಂಗಡಿಗಳಲ್ಲಿ ಸಿಗುವ ಸೊಳ್ಳೆ ಅಗರಬತ್ತಿಗಳನ್ನಂತೂ ಕೊಳ್ಳಲೇಬೇಡಿ. ಅವುಗಳಲ್ಲಿ ಏನಿದೆ, ಎಷ್ಟಿದೆ ಎಂದು ಹೇಳುವವರೇ ಇಲ್ಲ.

ಇಷ್ಟೆಲ್ಲಕ್ಕಿಂತ ನನ್ನನ್ನು ಹೆಚ್ಚು ನೋಯಿಸುವ ಸಂಗತಿ ಬೇರೆಯದಿದೆ. ನಾಯಿಗೆ ಉಣ್ಣಿ ಹತ್ತಿದಾಗ, ಚಿಗಟ ಆದಾಗ, ಮನೆಯಲ್ಲಿರುವ ಕೀಟನಾಶಕವನ್ನೇ ಪ್ರೀತಿಯಿಂದ ಅದರ ಮೈಗೆ ಹಚ್ಚುತ್ತಾರೆ. ಜಿರಳೆ ಸ್ಪ್ರೇ ಹೊಡೆಯುತ್ತಾರೆ. ಇರುವೆ ಪುಡಿ ಉಜ್ಜುತ್ತಾರೆ. ಹೊಲಕ್ಕೆ ತಂದ ಔಷಧವನ್ನು ಬಕೆಟ್ಟಿಗೆ ಸುರಿದು ಸ್ನಾನ ಮಾಡಿಸುತ್ತಾರೆ. ದನದ ಉಣ್ಣಿಗೆ ಬಳಸುವ ಡೆಲ್ಟಾಮೆಥ್ರಿನ್ ದ್ರಾವಣವನ್ನು ಲೀಟರಿಗೆ ಇಷ್ಟು ಎಂದು ಅಳೆಯದೆ ಅಂದಾಜಿನಲ್ಲಿ ಬೆರೆಸುತ್ತಾರೆ, ಕೆಲವರು ಬೆರೆಸದೆಯೇ ಹಚ್ಚುತ್ತಾರೆ. ಹಿಂದೆ ನಮ್ಮ ಹಳ್ಳಿಗಳಲ್ಲಿ ಗೆಮಾಕ್ಸಿನ್ ಪುಡಿ, ಬಿಎಚ್‌ಸಿ ಪುಡಿ ಎಂದು ಸಿಗುತ್ತಿದ್ದದ್ದು ಹಿರಿಯ ಕೇಳುಗರಿಗೆ ನೆನಪಿರಬಹುದು. ಬಿಎಚ್‌ಸಿಯನ್ನು ಭಾರತದಲ್ಲಿ 1997ರಲ್ಲೇ ನಿಷೇಧಿಸಲಾಯಿತು. ತಿಗಣೆಗೂ, ನಾಯಿಯ ಉಣ್ಣಿಗೂ ಕೈಗೆ ಸಿಕ್ಕಂತೆ ಬಳಸುತ್ತಿದ್ದ ನುವಾನ್, ಅಂದರೆ ಡೈಕ್ಲೋರ್‌ವಾಸ್, 2020ರ ಡಿಸೆಂಬರ್ 31ರಿಂದ ನಿಷೇಧಕ್ಕೊಳಗಾಗಿದೆ. ನಿಷೇಧವಾದ ಡಬ್ಬಿ ಅಟ್ಟದ ಮೇಲೆ, ದನದ ಕೊಟ್ಟಿಗೆಯ ಗೂಡಿನಲ್ಲಿ ಇನ್ನೂ ಕೂತಿದ್ದರೆ ಅದನ್ನು ನಾಯಿಯ ಮೈಗೆ ತರುವ ಯೋಚನೆಯನ್ನೇ ಮಾಡಬೇಡಿ.

ಡೈಕ್ಲೋರ್‌ವಾಸ್, ಮೆಲಾಥಿಯಾನ್, ಕ್ಲೋರ್‌ಪೈರಿಫಾಸ್ ಇವು ಪೈರೆಥ್ರಾಯ್ಡ್‌ಗಳಲ್ಲ, ಆರ್ಗನೋಫಾಸ್ಫೇಟ್ ಎಂಬ ಬೇರೆ ಜಾತಿ, ಹೆಚ್ಚು ಅಪಾಯದವು. ಇವುಗಳ ವಿಷವೇರಿದರೆ ಜೊಲ್ಲು, ಕಣ್ಣೀರು, ವಾಂತಿ, ಭೇದಿ ಒಟ್ಟಿಗೇ ಸುರಿಯುತ್ತವೆ, ಕಣ್ಣಿನ ಪಾಪೆ ಸಾಸಿವೆಯಷ್ಟು ಕಿರಿದಾಗುತ್ತದೆ, ಉಸಿರು ಕಟ್ಟುತ್ತದೆ. ಇದಕ್ಕೆ ಅಟ್ರೋಪಿನ್ ಚುಚ್ಚುಮದ್ದು ಇದೆ. ಪೈರೆಥ್ರಾಯ್ಡ್‌ಗೆ ಅಂಥ ನೇರ ಪ್ರತಿವಿಷ ಇಲ್ಲ, ನಡುಕವನ್ನು ಹತೋಟಿಗೆ ತಂದು, ಮೈ ತೊಳೆದು, ಡ್ರಿಪ್ ಹಾಕಿ ಕಾಪಾಡಬೇಕು. ಹಾಗೆ ಕಾಪಾಡಿದರೆ ಹೆಚ್ಚಿನ ನಾಯಿಗಳು ಒಂದರಿಂದ ಮೂರು ದಿನಗಳಲ್ಲಿ ಚೇತರಿಸಿಕೊಳ್ಳುತ್ತವೆ. ಎರಡರ ಚಿಕಿತ್ಸೆ ಬೇರೆ ಬೇರೆ ಆದ್ದರಿಂದಲೇ ನಾವು ‘ಡಬ್ಬಿ ತಂದಿದ್ದೀರಾ?’ ಎಂದು ಕೇಳುವುದು. ಡಬ್ಬಿ ತನ್ನಿ, ಇಲ್ಲವೇ ಲೇಬಲ್ಲಿನ ಫೋಟೊ ತೆಗೆದುಕೊಂಡು ಬನ್ನಿ. ಅದರಿಂದ ಉಳಿಯುವ ಅರ್ಧ ಗಂಟೆ ನಾಯಿಯ ಪಾಲಿಗೆ ದೊಡ್ಡದು.

ಮನುಷ್ಯರು ಕೈಕಾಲಿಗೆ ಹಚ್ಚುವ ಸೊಳ್ಳೆ ಕ್ರೀಮನ್ನು ನಾಯಿಗೆ ಹಚ್ಚುವವರೂ ಇದ್ದಾರೆ. ಕ್ರೀಮಿನಲ್ಲಿರುವ ಡೀಟ್ ಎಂಬ ವಸ್ತು ನಮ್ಮ ಚರ್ಮದ ಮೇಲೆ ಇರುವುದಕ್ಕೆಂದು ಮಾಡಿದ್ದು. ನಾವು ಕೈ ನೆಕ್ಕಿಕೊಳ್ಳುವುದಿಲ್ಲ, ನಾಯಿ ನೆಕ್ಕಿಕೊಳ್ಳುತ್ತದೆ. ವಾಂತಿ, ನಡುಕ, ಫಿಟ್ಸ್ ಬರಬಹುದು. ಮಲೆನಾಡಿನ ಕೇಳುಗರಿಗೆ ಇಲ್ಲಿ ಒಂದು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಉಣುಗಿನಿಂದ, ಅಂದರೆ ಉಣ್ಣಿಯಿಂದ, ಹರಡುತ್ತದೆ. ಕಾಡಿಗೆ ಹೋಗುವವರು ಮೈಗೆ ಹಚ್ಚಿಕೊಳ್ಳಲೆಂದು ಆರೋಗ್ಯ ಇಲಾಖೆ ಡೆಪಾ ಎಣ್ಣೆ ಹಂಚುತ್ತದೆ. ತಪ್ಪದೆ ಹಚ್ಚಿಕೊಳ್ಳಿ, ಆದರೆ ಜೊತೆಗೆ ಸೊಪ್ಪಿಗೆ, ದರಗಿಗೆ ಬರುವ ನಾಯಿಗೆ ಅದನ್ನು ಹಚ್ಚಬೇಡಿ. ನಾಯಿಗೆ ನಾಯಿಯದೇ ಔಷಧ ಬೇಕು. ಬೆನ್ನಿಗೆ ಬಿಡುವ ಹನಿ, ಕೊರಳಿಗೆ ಕಟ್ಟುವ ಬೆಲ್ಟ್, ನುಂಗಿಸುವ ಮಾತ್ರೆ ಎಲ್ಲವೂ ಈಗ ಸಿಗುತ್ತವೆ, ತೂಕ ನೋಡಿ ಪಶುವೈದ್ಯರು ಬರೆದುಕೊಡುತ್ತಾರೆ. ಉಣ್ಣಿಯನ್ನು ನಿರ್ಲಕ್ಷಿಸಿ ಎಂದು ನಾನು ಯಾವತ್ತೂ ಹೇಳಲಾರೆ. ಉಣ್ಣಿ ಜ್ವರದಿಂದ ರಕ್ತ ಕಡಿಮೆಯಾಗಿ ಸಾಯುವ ನಾಯಿಗಳು ನಮ್ಮಲ್ಲಿ ಬಹಳ. ಹೃದಯದಲ್ಲಿ, ಚರ್ಮದಡಿಯಲ್ಲಿ ಬೆಳೆಯುವ ಕೆಲವು ಹುಳುಗಳು ಸೊಳ್ಳೆ ಕಚ್ಚುವುದರಿಂದಲೇ ನಾಯಿಗೆ ಬರುತ್ತವೆ. ನಾಯಿಗೂ ಸೊಳ್ಳೆಯಿಂದ ರಕ್ಷಣೆ ಬೇಕು, ವಿಷದಿಂದಲೂ ಬೇಕು.

ಕೀಟ ಬರದಿರಲೆಂದು ಬಟ್ಟೆಯ ಬೀರುವಿನಲ್ಲಿ, ಬಚ್ಚಲಿನಲ್ಲಿ ಇಡುವ ಡಾಂಬರು ಗುಳಿಗೆ ನಾಯಿಯ ಕಣ್ಣಿಗೆ ಆಟದ ಸಾಮಾನು. ಅದರಲ್ಲಿರುವ ನ್ಯಾಫ್ತಲೀನ್ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಮೊದಲ ದಿನ ಬರೀ ವಾಂತಿ ಆಗಿ ಸುಮ್ಮನಾಗಬಹುದು, ಎರಡು ಮೂರು ದಿನ ಕಳೆದು ಒಸಡು ಬಿಳಿಚಿಕೊಂಡು, ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ‘ವಾಂತಿ ಮಾಡಿಕೊಂಡಿತು, ಸರಿಹೋಯಿತು’ ಎಂದು ಬಿಡುವಂತಿಲ್ಲ. ಸಣ್ಣ ನಾಯಿಗೆ ಒಂದೇ ಗುಳಿಗೆ ಸಾಕು. ಕರ್ಪೂರವೂ ಹಾಗೆಯೇ. ದೇವರ ಮನೆಯ ವಸ್ತು, ಅದರಲ್ಲೇನು ವಿಷ ಎಂದು ತೋರಬಹುದು. ಸೊಳ್ಳೆ ಬರದಿರಲೆಂದು ಬಟ್ಟಲು ನೀರಿನಲ್ಲಿ ಕರ್ಪೂರ ಹಾಕಿ ಮೂಲೆಯಲ್ಲಿಡುವ ರೂಢಿ ಹಲವು ಮನೆಗಳಲ್ಲಿದೆ. ನಾಯಿ ಅದನ್ನು ಕುಡಿಯುವ ನೀರೆಂದೇ ತಿಳಿಯುತ್ತದೆ. ಕರ್ಪೂರ ಹೊಟ್ಟೆಗೆ ಹೋದರೆ ನಿಮಿಷಗಳಲ್ಲೇ ಫಿಟ್ಸ್ ಬರಬಲ್ಲದು. ಗಿಡಮೂಲಿಕೆಯದು ಎಂಬ ಮಾತ್ರಕ್ಕೆ ನಿರಪಾಯ ಎನ್ನುವ ನಂಬಿಕೆಯನ್ನು ಬಿಡಬೇಕು. ಅಂತರ್ಜಾಲದಲ್ಲಿ ಓದಿ ಟೀ ಟ್ರೀ ಎಣ್ಣೆಯನ್ನು ನೇರವಾಗಿ ನಾಯಿಯ ಬೆನ್ನಿಗೆ ಹಚ್ಚಿದರೆ ಅದು ತೂರಾಡಿ ಬೀಳುತ್ತದೆ.

ಮೈಗೆ ಔಷಧ ಬಿದ್ದಿದೆ ಎಂದು ಗೊತ್ತಾದರೆ ಏನು ಮಾಡಬೇಕು? ಮೊದಲು ನಾಯಿಯನ್ನು ಆ ಕೋಣೆಯಿಂದ ಹೊರಗೆ ತನ್ನಿ. ಕೈಗೆ ಗ್ಲೌಸ್ ಇಲ್ಲವೇ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಪಾತ್ರೆ ತೊಳೆಯುವ ಸೋಪು ಅಥವಾ ಮಗುವಿನ ಶಾಂಪೂ ಹಚ್ಚಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ತಣ್ಣೀರು ಬೇಡ. ಮೈ ತಣ್ಣಗಾದಷ್ಟೂ ಪೈರೆಥ್ರಾಯ್ಡ್‌ನ ಪ್ರಭಾವ ಹೆಚ್ಚುತ್ತದೆ, ಇದು ಅದರ ವಿಶೇಷ ಗುಣ. ಸುಡುನೀರೂ ಬೇಡ. ತೊಳೆದ ಮೇಲೆ ಟವೆಲಿನಿಂದ ಒರಸಿ, ಬೆಚ್ಚಗೆ ಹೊದಿಸಿ, ನೆಕ್ಕಿಕೊಳ್ಳದಂತೆ ನೋಡಿಕೊಂಡು ಆಸ್ಪತ್ರೆಗೆ ಹೊರಡಿ. ಬಾಯಿಗೆ ಬಿದ್ದಿದ್ದರೆ ಒದ್ದೆ ಬಟ್ಟೆಯಿಂದ ಒಸಡು, ನಾಲಿಗೆ ಒರಸಿ. ಹಾಲು, ತುಪ್ಪ, ಕೊಬ್ಬರಿ ಎಣ್ಣೆ ಕುಡಿಸಬೇಡಿ, ಜಿಡ್ಡಿನಲ್ಲಿ ಕರಗುವ ವಿಷ ಜಿಡ್ಡಿನ ಜೊತೆ ಇನ್ನೂ ಬೇಗ ರಕ್ತ ಸೇರುತ್ತದೆ. ಹುಣಸೆ ನೀರು ಬೇಡ. ನಡುಗುತ್ತಿರುವ ಅಥವಾ ಪ್ರಜ್ಞೆ ತಪ್ಪಿದ ನಾಯಿಯ ಬಾಯಿಗೆ ನೀರನ್ನೂ ಹಾಕಬೇಡಿ. ಫಿಟ್ಸ್ ಬಂದಾಗ ಬಾಯೊಳಗೆ ಕೈ ಇಡಬೇಡಿ, ಸುತ್ತ ಇರುವ ವಸ್ತುಗಳನ್ನು ಸರಿಸಿ, ಬೆಳಕು ಸದ್ದು ಕಡಿಮೆ ಮಾಡಿ.

ಔಷಧವನ್ನೇ ಕಡಿಮೆ ಬಳಸಿ ಸೊಳ್ಳೆಯನ್ನು ದೂರ ಇಡುವ ದಾರಿ ಇದೆಯೇ? ಇದೆ, ಮತ್ತು ಅದು ನಾಯಿಯ ನೀರಿನ ಬಟ್ಟಲಿನಿಂದಲೇ ಶುರುವಾಗಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕೊಳಚೆಯಲ್ಲಿ ಮೊಟ್ಟೆ ಇಡುವುದಿಲ್ಲ, ಮನೆಯ ಸುತ್ತಲಿನ ತಿಳಿನೀರಿನಲ್ಲಿ ಇಡುತ್ತದೆ. ನೀರಿನ ಅಂಚಿಗೆ ಸ್ವಲ್ಪ ಮೇಲೆ, ಪಾತ್ರೆಯ ಗೋಡೆಗೆ ಅಂಟಿಸಿ ಇಡುತ್ತದೆ. ಆದ್ದರಿಂದ ನೀರು ಚೆಲ್ಲಿ ಹೊಸ ನೀರು ಹಾಕಿದರೆ ಸಾಲದು, ಬಟ್ಟಲಿನ ಒಳಮೈಯನ್ನು ತಿಕ್ಕಿ ತೊಳೆಯಬೇಕು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದ ಮೇಲೆ ಬೇಕು. ವಾರಕ್ಕೊಮ್ಮೆ ಬಟ್ಟಲು, ಹೂಕುಂಡದ ಅಡಿಯ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ, ತೋಟದಲ್ಲಿ ಬಿದ್ದ ತೆಂಗಿನ ಚಿಪ್ಪು, ನೀರು ನಿಂತ ಅಡಿಕೆ ಹಾಳೆ, ಹಳೆಯ ಟೈರು ಇವನ್ನೆಲ್ಲ ಖಾಲಿ ಮಾಡಿದರೆ ಯಾವ ಮಷೀನೂ ಮಾಡದಷ್ಟು ಕೆಲಸ ಆಗುತ್ತದೆ. ಕಿಟಕಿಗೆ ಜಾಲರಿ ಹಾಕಿಸಿ. ನಾಯಿ ಮಲಗುವ ಕಡೆ ಫ್ಯಾನ್ ಹಾಕಿ. ಸೊಳ್ಳೆ ಗಟ್ಟಿಯಾಗಿ ಹಾರಲಾರದು, ಬೀಸುವ ಗಾಳಿಯಲ್ಲಿ ಬಂದು ಕೂರಲು ಅದಕ್ಕೆ ಕಷ್ಟ. ಹೊರಗೆ ಗೂಡಿನಲ್ಲಿ ಕಟ್ಟುವ ನಾಯಿಯಾದರೆ ಗೂಡಿನ ಬಾಗಿಲಿಗೆ, ಅದು ಕಚ್ಚಲಾಗದಂತೆ ಹೊರಗಿನಿಂದ, ಸಾದಾ ಸೊಳ್ಳೆ ಪರದೆ ಬಿಗಿಯಬಹುದು. ಸರ್ಕಾರ ಹಂಚುವ ಔಷಧ ಸವರಿದ ಪರದೆಯನ್ನು ನಾಯಿ ಕಚ್ಚಿ ಎಳೆಯುವ ಕಡೆ ಕಟ್ಟಬೇಡಿ.

ಸ್ಪ್ರೇ ಹೊಡೆಯಲೇಬೇಕು ಎಂದಾದಾಗ ಅಥವಾ ಜಿರಳೆ, ಗೆದ್ದಲಿಗೆ ಔಷಧ ಹೊಡೆಯುವವರನ್ನು ಕರೆಸಿದಾಗ ನಾಯಿಯನ್ನು ಮನೆಯಿಂದಾಚೆ ಕಳಿಸಿ. ಅದರ ತಟ್ಟೆ, ಬಟ್ಟಲು, ಹಾಸಿಗೆ ಮೊದಲೇ ಎತ್ತಿಡಿ. ನೆಲ ಪೂರ್ತಿ ಒಣಗಿ, ಕಿಟಕಿ ತೆರೆದು, ನಾಯಿ ಓಡಾಡುವ ಜಾಗವನ್ನು ಸೋಪಿನ ನೀರಿನಿಂದ ಒರಸಿದ ಮೇಲೆ ಒಳಗೆ ಬಿಡಿ. ಜಿರಳೆಗೆ ಗೆರೆ ಎಳೆಯುವ ಸೀಮೆಸುಣ್ಣವನ್ನು ನಾಯಿ ಓಡಾಡುವ ನೆಲದ ಮೇಲೆ ಎಳೆಯಬೇಡಿ. ಬೀದಿಗೆ ಫಾಗಿಂಗ್ ಗಾಡಿ ಬಂದಾಗ ನಾಯಿಯನ್ನು ಒಳಗೆ ಕರೆದು ಬಾಗಿಲು ಮುಚ್ಚಿ, ಆ ಹೊಗೆಯಲ್ಲಿ ಕೀಟನಾಶಕದ ಜೊತೆ ಡೀಸೆಲ್ಲೂ ಇರುತ್ತದೆ. ಬೀದಿ ನಾಯಿಗಳಿಗೆಂದು ಗೇಟಿನ ಹೊರಗೆ ನೀರಿಡುವ ಪುಣ್ಯವಂತರು ಫಾಗಿಂಗ್ ಮುಗಿದ ಮೇಲೆ ಆ ನೀರನ್ನು ಚೆಲ್ಲಿ ಹೊಸದು ತುಂಬಿಸಿ. ಅವುಗಳ ನಡುಕವನ್ನು ನೋಡಿ ಆಸ್ಪತ್ರೆಗೆ ಕರೆದೊಯ್ಯುವವರು ಯಾರೂ ಇರುವುದಿಲ್ಲ.

ಕೊನೆಗೆ ಒಂದು ಕೋರಿಕೆ. 1968ರ ಕೀಟನಾಶಕ ಕಾಯಿದೆಯಡಿ ನೋಂದಾಯಿತವಾದ ಕೀಟನಾಶಕಗಳ ಲೇಬಲ್ಲಿನಲ್ಲಿ ಬಣ್ಣದ ಗುರುತು ಇರುತ್ತದೆ. ಕೆಂಪು ಅತ್ಯಂತ ವಿಷಕಾರಿ, ನಂತರ ಹಳದಿ, ಆಮೇಲೆ ನೀಲಿ, ಹಸಿರು ಎಲ್ಲಕ್ಕಿಂತ ಕಡಿಮೆ. ಹಸಿರು ಎಂದರೆ ವಿಷವಿಲ್ಲ ಎಂದಲ್ಲ. ಈ ವಾರ ನಿಮ್ಮ ಮನೆಯ ಅಟ್ಟ, ಬಚ್ಚಲು, ಅಡುಗೆಮನೆಯ ಕೆಳಗಿನ ಕಪಾಟುಗಳಲ್ಲಿರುವ ಡಬ್ಬಿಗಳನ್ನು ಒಮ್ಮೆ ತೆಗೆದು ಬಣ್ಣ ನೋಡಿ, ಹೆಸರು ಓದಿ, ನಾಯಿಗೆ ಎಟುಕದ ಕಡೆ ಬೀಗ ಹಾಕಿಡಿ. ನಿಮ್ಮ ಹತ್ತಿರದ ಪಶು ಆಸ್ಪತ್ರೆಯ ಫೋನ್ ನಂಬರನ್ನು, ರಾತ್ರಿ ಹೊತ್ತು ಸಿಗುವ ವೈದ್ಯರ ನಂಬರನ್ನು, ಪಶುಪಾಲನಾ ಇಲಾಖೆಯ ಸಹಾಯವಾಣಿ 1962ನ್ನು ಒಂದು ಹಾಳೆಯಲ್ಲಿ ಬರೆದು ಮನೆಮಂದಿಗೆಲ್ಲ ಕಾಣುವಂತೆ ಗೋಡೆಗೆ ಅಂಟಿಸಿ.